ಕುರಿಯ ಭ್ರೂಣ ಗರ್ಭಕೋಶದ ಆಚೆ ಕೊಂಬಿಗೆ ಹೋಗುತ್ತದೆ, ಹಸುವಿನದು ಹೋಗದಿದ್ದರೆ ಏನಾಗುತ್ತದೆ?

ಗಬ್ಬದ ಕುರಿಯ ಪೋಸ್ಟ್‌ಮಾರ್ಟಂ ಮಾಡುವಾಗ ನಾನು ಮೊದಲು ನೋಡುವುದು ಅಂಡಾಶಯವನ್ನು. ಅಂಡ ಹೊರಬಿದ್ದ ಕಡೆಯಲ್ಲೆಲ್ಲ ಒಂದೊಂದು ಗಂಟು ಇರುತ್ತದೆ, ಅದೇ ಕಾರ್ಪಸ್ ಲೂಟಿಯಂ. ಒಂದು ಸಲ ಬಲಗಡೆ ಎರಡು ಗಂಟು, ಎಡಗಡೆ ಒಂದೂ ಇಲ್ಲ. ಗರ್ಭಕೋಶದ ಕೊಂಬುಗಳನ್ನು, ಅಂದರೆ ಎಡಕ್ಕೂ ಬಲಕ್ಕೂ ಕವಲೊಡೆದ ಎರಡು ಭಾಗಗಳನ್ನು, ಸೀಳಿದರೆ ಬಲಕ್ಕೊಂದು ಮರಿ, ಎಡಕ್ಕೊಂದು ಮರಿ! ಎಡಗಡೆಯದು ಬಲದಿಂದಲೇ ಬಂದಿರಬೇಕು, ಬೇರೆ ದಾರಿಯೇ ಇಲ್ಲ.

ಕುರಿಯಲ್ಲಿ ಇದು ಮಾಮೂಲು. ಒಂದೇ ಅಂಡಾಶಯದಿಂದ ಎರಡು ಅಂಡ ಬಂದರೆ ಹೆಚ್ಚಿನ ಸಲ ಒಂದು ಭ್ರೂಣ ಆಚೆ ಕೊಂಬಿಗೆ ದಾಟುತ್ತದೆ. ನಡೆಯೋಕೆ ಅದಕ್ಕೇನು ಕಾಲಿಲ್ಲ, ಗರ್ಭಕೋಶದ ಸ್ನಾಯುವೇ ಹಿಂಡಿ ಹಿಂಡಿ ತಳ್ಳುತ್ತದೆ. ಹಸುವಿನಲ್ಲಿ ಹೀಗಾಗುವುದು ತೀರಾ ಅಪರೂಪ, ಅವಳಿ ಭ್ರೂಣಗಳೂ ಒಂದೇ ಕೊಂಬಿನಲ್ಲಿ ಒತ್ತಿಕೊಂಡು ಕೂರುತ್ತವೆ. ಜಾಗ ಸಾಲದೆ ಗರ್ಭ ಹೋಗುವುದು ಇಂಥ ಅವಳಿಗಳಲ್ಲೇ ಜಾಸ್ತಿ.

ಭ್ರೂಣ ವರ್ಗಾವಣೆ, ಅಂದರೆ ಒಂದು ಹಸುವಿನ ಭ್ರೂಣವನ್ನು ಇನ್ನೊಂದರ ಗರ್ಭಕೋಶಕ್ಕೆ ಬಿಡುವುದನ್ನು, ಕಲಿಯುವಾಗ ನಾನು ಇದನ್ನು ಹಗುರವಾಗಿ ತಗೊಂಡಿದ್ದೆ. ಗಂಟು ಇದ್ದದ್ದು ಎಡಗಡೆ, ಆದರೆ ಗನ್ (ಭ್ರೂಣ ಬಿಡುವ ಉದ್ದ ಕೊಳವೆ) ಎಡ ಕೊಂಬಿಗೆ ಹೋಗಲು ಸತಾಯಿಸಿತು, ಬಲಕ್ಕೆ ಸಲೀಸಾಗಿ ಹೋಯಿತು, ಎರಡೂ ಒಂದೇ ಚೀಲ ಅಲ್ವಾ ಅಂತ 7ನೇ ದಿನದ ಭ್ರೂಣವನ್ನು ಅಲ್ಲೇ ಬಿಟ್ಟೆ. ಎರಡು ವಾರಕ್ಕೆ ಹಸು ಮತ್ತೆ ಬೆದೆಗೆ ಬಂತು.

ಆಗುವುದಿಷ್ಟು. ಗಬ್ಬ ನಿಂತ ಸುಳಿವು ಸಿಗದಿದ್ದರೆ ಗರ್ಭಕೋಶ ಪ್ರೊಸ್ಟಗ್ಲ್ಯಾಂಡಿನ್ ಎಂಬ ರಾಸಾಯನಿಕ ಬಿಟ್ಟು, ಗಬ್ಬ ಉಳಿಸುವ ಆ ಗಂಟನ್ನು ಕರಗಿಸುತ್ತದೆ. ಅದು ಮೈಯೆಲ್ಲ ಸುತ್ತಿ ಬರುವುದಿಲ್ಲ, ಆಯಾ ಕೊಂಬಿನ ರಕ್ತನಾಳದಿಂದ ಪಕ್ಕದಲ್ಲೇ ಸುತ್ತಿಕೊಂಡಿರುವ ಅಂಡಾಶಯದ ನಾಳಕ್ಕೆ ನೇರವಾಗಿ ಇಳಿಯುತ್ತದೆ. ಇದನ್ನು ತಡೆಯುವುದು ಭ್ರೂಣ ಸ್ರವಿಸುವ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನ್, ಅದೇ ಗಬ್ಬದ ಸುಳಿವು. ಹಸುವಿನಲ್ಲಿ 16ನೇ ದಿನದ ಆಸುಪಾಸಿನಲ್ಲಿ ಅದು ಗಂಟಿರುವ ಕಡೆಯ ಕೊಂಬಿಗೇ ಮುಟ್ಟಬೇಕು. ಅಷ್ಟೊತ್ತಿಗೆ ಭ್ರೂಣ ದಾರದಂತೆ ಉದ್ದವಾಗಿರುತ್ತದೆ ನಿಜ, ಆದರೂ ಆಚೆ ಕೊಂಬಿನಲ್ಲಿ ಬಿಟ್ಟದ್ದು ಈಚೆಗೆ ಚಾಚುವಷ್ಟರಲ್ಲಿ ಬಹಳ ಸಲ ಹೊತ್ತು ಮೀರಿರುತ್ತದೆ. ಅಂಥವು ಗಬ್ಬ ನಿಲ್ಲುವುದೇ ಇಲ್ಲ ಅಂತಲ್ಲ, ಕಡಿಮೆ.

ಈಗ ಹೆಪ್ಪುಗಟ್ಟಿಸಿದ ಭ್ರೂಣವಿರುವ ಸ್ಟ್ರಾ ಕರಗಿಸುವ ಮೊದಲೇ ಗಂಟು ಯಾವ ಕಡೆ ಅಂತ ಕೈಯಾಡಿಸಿ ನೋಡಿ, ಹಸುವಿನ ತೊಡೆಯ ಮೇಲೆ ಆ ಬದಿಗೇ ಚಾಕ್‌ನಲ್ಲಿ ಗೀಟು ಎಳೆಯುತ್ತೇನೆ. ಸಹಾಯಕರು ನಗುತ್ತಾರೆ, ನಗಲಿ.