ಸೂಪರ್‌ಮಾರ್ಕೆಟ್ ಕಟ್ಟಡ ಇಪ್ಪತ್ತೇ ವರ್ಷಕ್ಕೆ ಯಾಕೆ ಹಳೇದಾಗತ್ತೆ?

ಅಮೆರಿಕದ ಸೂಪರ್‌ಮಾರ್ಕೆಟ್ ಕಟ್ಟಡಗಳ ಕಥೆ ಈಗ ಎಷ್ಟು ಗೋಜಲಾಗಿದೆ ಅಂದ್ರೆ ಯಾವುದು ರಿಪೇರಿ, ಯಾವುದು ಬರೀ ಹೊಸ ಬೋರ್ಡು, ಯಾವುದು ಪೂರ್ತಿ ಕೆಡವಿ ಕಟ್ಟಿದ್ದು ಅಂತಾನೇ ಗೊತ್ತಾಗಲ್ಲ. ಒಂದೇ ಕಟ್ಟಡ ಮೂರ್ನಾಲ್ಕು ಸಲ ಮುಖ ಬದಲಾಯಿಸಿರತ್ತೆ, ಎರಡು ಮೂರು ಕಂಪನಿ ಕೈ ದಾಟಿರತ್ತೆ, ಕೊನೆಗೆ ಜಿಮ್ಮೋ ಚರ್ಚೋ ಆಗಿರತ್ತೆ. ಒಂದೊಂದೇ ಬಿಡಿಸಿ ನೋಡಿದ್ರೆ ಗೋಡೆ ಹಾಳಾಯ್ತು, ಚಾವಣಿ ಸೋರ್ತು ಅಂತ ಬದಲಾಯಿಸಿದ್ದು ಕಮ್ಮಿನೇ.

ಶುರುವಲ್ಲಿ ಕಟ್ಟಡದ ಬಗ್ಗೆ ಯಾರೂ ತಲೆ ಕೆಡಿಸ್ಕೊಂಡಿರ್ಲಿಲ್ಲ. 1916ರಲ್ಲಿ ಮೆಂಫಿಸ್‌ನಲ್ಲಿ ಪಿಗ್ಲಿ ವಿಗ್ಲಿ ಅಂಗಡಿ ಗಿರಾಕಿಗಳೇ ಸಾಮಾನು ಎತ್ಕೊಳ್ಳೋ ಪದ್ಧತಿ ತಂತು. 1930ರಲ್ಲಿ ಮೈಕಲ್ ಕಲ್ಲನ್ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಕಿಂಗ್ ಕಲ್ಲನ್ ಅನ್ನೋ ಸೂಪರ್‌ಮಾರ್ಕೆಟ್ ತೆಗೆದಿದ್ದು ಹಳೇ ಗ್ಯಾರೇಜಲ್ಲಿ, 1932ರ ಬಿಗ್ ಬೇರ್ ಅನ್ನೋ ಸೂಪರ್‌ಮಾರ್ಕೆಟ್ ಶುರುವಾಗಿದ್ದು ನ್ಯೂಜೆರ್ಸಿಯ ಎಲಿಜಬೆತ್‌ನಲ್ಲಿ ಮುಚ್ಚಿಹೋಗಿದ್ದ ಕಾರ್ ಫ್ಯಾಕ್ಟರಿಯಲ್ಲಿ. ಬಾಡಿಗೆ ಕಮ್ಮಿ ಇದ್ರೆ ರೇಟೂ ಕಮ್ಮಿ ಇಡಬಹುದು ಅನ್ನೋದೇ ಲೆಕ್ಕ. ಅಂದ್ರೆ ಇನ್ಯಾರೋ ಬಿಟ್ಟುಹೋದ ಕಟ್ಟಡದಲ್ಲೇ ಹುಟ್ಟಿದ ವ್ಯಾಪಾರ ಇದು, ಮುಂದಿನ ಕಥೆ ಓದುವಾಗ ಇದನ್ನ ಮರೀಬಾರದು. 1940ರಲ್ಲಿ ಜಾರ್ಜ್ ಜೆಂಕಿನ್ಸ್ ಫ್ಲೋರಿಡಾದ ವಿಂಟರ್ ಹೇವನ್‌ನಲ್ಲಿ ಏರ್ ಕಂಡೀಷನ್, ತಾನಾಗೇ ತೆರ್ಕೊಳ್ಳೋ ಬಾಗಿಲು ಎಲ್ಲಾ ಇಟ್ಟು ಪಬ್ಲಿಕ್ಸ್ ಅನ್ನೋ ಸೂಪರ್‌ಮಾರ್ಕೆಟ್ ಕಟ್ಟಿದಾಗ ಲೆಕ್ಕ ತಿರುಗಿತು, ಕಟ್ಟಡವೇ ಜಾಹೀರಾತಾಯ್ತು.

ಯುದ್ಧ ಮುಗೀತು, ಊರಾಚೆ ಮನೆಗಳು ಬಂದ್ವು, ಎಲ್ಲರ ಹತ್ರ ಕಾರ್ ಬಂತು. ರಸ್ತೆಯಲ್ಲಿ ಸ್ಪೀಡಾಗಿ ಹೋಗೋರಿಗೂ ಕಾಣಬೇಕು ಅಂತ ಎತ್ತರದ ಕಂಬಕ್ಕೆ ಬೋರ್ಡ್, ಮುಂದುಗಡೆ ಪೂರ್ತಿ ಗಾಜು, ಒಳಗೆ ಟ್ಯೂಬ್‌ಲೈಟ್ ಬೆಳಕು. ರಾತ್ರಿ ಹೊತ್ತು ಒಳಗಿನ ಅಂಗಡಿ ಪೂರ್ತಿ ಹೊರಗಡೆಯಿಂದಲೇ ಕಾಣ್ತಿತ್ತು.

ಈ ಕಾಲದ್ದೇ ಅತಿ ಚೆಂದದ ಕಟ್ಟಡ ಅಂದ್ರೆ, ನನ್ನ ಮಟ್ಟಿಗೆ, 1959ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮರೀನಾ ಬುಲೆವಾರ್ಡ್ ರಸ್ತೆಯಲ್ಲಿ ಸೇಫ್‌ವೇ ಅನ್ನೋ ಸೂಪರ್‌ಮಾರ್ಕೆಟ್ ಕಂಪನಿ ಕಟ್ಟಿಸಿದ್ದು. ವರ್ಸ್ಟರ್, ಬರ್ನಾರ್ಡಿ ಮತ್ತು ಎಮನ್ಸ್ ಅನ್ನೋ ಆರ್ಕಿಟೆಕ್ಟ್ ಸಂಸ್ಥೆಯ ಡಿಸೈನು. ಮರದ ಪಟ್ಟಿಗಳನ್ನ ಒಂದರ ಮೇಲೊಂದು ಅಂಟಿಸಿ ಬಾಗಿಸಿದ ಕಮಾನುಗಳ ಮೇಲೆ ಚಾವಣಿ ನಿಂತಿರೋದ್ರಿಂದ ಒಳಗೆ ನಡುವೆ ಕಂಬಗಳ ಕಾಟ ಇಲ್ಲ, ಶೆಲ್ಫುಗಳನ್ನ ಹೇಗೆ ಬೇಕಾದ್ರೂ ತಿರುಗಿಸಿ ಇಡಬಹುದು, ಮುಂದೆ ಆ ಕಮಾನಿನ ಆಕಾರಕ್ಕೇ ಕತ್ತರಿಸಿದ ದೊಡ್ಡ ಗಾಜಿನ ಗೋಡೆ. ಅಂದ ಬೇರೆ, ಉಪಯೋಗ ಬೇರೆ ಅನ್ನೋ ಹಾಗೇ ಇರ್ಲಿಲ್ಲ. ಇದು ಎಷ್ಟು ಹಿಡಿಸ್ತು ಅಂದ್ರೆ ಮುಂದಿನ ವರ್ಷಗಳಲ್ಲಿ ಇದೇ ನಮೂನೆಯನ್ನ ಊರೂರಲ್ಲಿ ಕಟ್ಟಿದ್ರು, ಬೋರ್ಡ್ ಓದದೇನೇ ಇದು ಸೇಫ್‌ವೇ ಅಂತ ಹೇಳಬಹುದಿತ್ತು. ಅದೇ ಹೊತ್ತಿಗೆ ನೂರು ವರ್ಷ ತುಂಬಿದ್ದ ಎ ಆಂಡ್ ಪಿ ಅನ್ನೋ ದಿನಸಿ ಕಂಪನಿ ಉಲ್ಟಾ ದಾರಿ ಹಿಡಿದು ಕೆಂಪು ಇಟ್ಟಿಗೆ, ಮೇಲೊಂದು ಪುಟ್ಟ ಗೋಪುರ, ಅದರ ಮೇಲೆ ಗಾಳಿ ದಿಕ್ಕು ತೋರಿಸೋ ಸೂಚಿ ಇಟ್ಟು ವಸಾಹತು ಕಾಲದ ಮನೆ ಥರ ಕಟ್ಟಿಸ್ತು.

ಆಮೇಲೆ 1973ರ ತೈಲ ಬಿಕ್ಕಟ್ಟು. ಅಷ್ಟಗಲದ ಗಾಜು ಅಂದ್ರೆ ಬೇಸಿಗೆಲಿ ಶೆಕೆ, ಚಳಿಗಾಲದಲ್ಲಿ ಹೀಟರ್ ಖರ್ಚು, ಕರೆಂಟ್ ಬಿಲ್ ನೋಡಿ ಕಿಟಕಿ ಕಿರಿದಾಯ್ತು, ಎಷ್ಟೋ ಕಡೆ ಮುಚ್ಚೇಬಿಟ್ರು. ಬಿಲ್ ಕಮ್ಮಿ ಮಾಡ್ಬೇಕಿತ್ತು, ಅದನ್ನ ತಪ್ಪು ಅನ್ನೋಕಾಗಲ್ಲ. ಆದ್ರೆ ಫ್ಯಾಷನ್ನೂ ಅದೇ ಸಮಯಕ್ಕೆ ಕಂದು ಇಟ್ಟಿಗೆ, ಕಂದು ಬಣ್ಣ, ಮುಂದಕ್ಕೆ ಬಗ್ಗಿದ ಹೆಂಚಿನ ಮಾಡು ಅಂತ ತಿರುಗಿದ್ರಿಂದ ಗಾಜು ಉಳಿಸ್ಕೊಂಡು ಬೇರೆ ಏನಾದ್ರೂ ಮಾಡಬಹುದಾ ಅನ್ನೋ ಪ್ರಶ್ನೆ ಅಷ್ಟಾಗಿ ಬರಲೇ ಇಲ್ಲ. ಮುಂದೆ ಬಂದ ರೀಮಾಡೆಲ್‌ಗಳಲ್ಲಿ ಆ ಕಮಾನಿನ ಅಂಗಡಿಗಳಲ್ಲಿ ಎಷ್ಟೋವಕ್ಕೆ ಚಪ್ಪಟೆ ಮುಖ ಅಂಟಿಸಿದ್ರು, ಈಗಲೂ ಅಂಥ ಕಟ್ಟಡದ ಪಕ್ಕಕ್ಕೋ ಹಿಂದಕ್ಕೋ ಹೋಗಿ ನೋಡಿದ್ರೆ ಬಾಗಿದ ಚಾವಣಿ ಹಾಗೇ ಇರತ್ತೆ.

ಇನ್ನು ಸೈಜಿನ ವಿಷಯ. 1950ರ ದಶಕದಲ್ಲಿ 20 ಸಾವಿರ ಚದರಡಿ ಅಂದ್ರೆ ಒಳ್ಳೇ ದೊಡ್ಡ ಅಂಗಡಿ. ಆಮೇಲೆ ಬೇಕರಿ, ಫಾರ್ಮಸಿ, ಹೂವು, ರೆಡಿ ಊಟ ಎಲ್ಲಾ ಒಳಗೆ ಬಂದು ಇವತ್ತು 40 ಸಾವಿರ ದಾಟಿದ್ದು ಮಾಮೂಲಿ. ಜೊತೆಗೆ ಲೀಸು ಮತ್ತು ತೆರಿಗೆ ಲೆಕ್ಕ. ಎಷ್ಟೋ ಕಡೆ ಕಟ್ಟಡ ಅಂಗಡಿಯವರದ್ದಲ್ಲ, ಲೀಸ್ ಮುಗಿಯೋ ಹೊತ್ತಿಗೆ ಇಲ್ಲೇ ಇರೋದಾ ಬಿಡೋದಾ ಅನ್ನೋ ಮಾತು ತಾನಾಗೇ ಬರತ್ತೆ. 1954ರ ತೆರಿಗೆ ಕಾನೂನು ಬೇರೆ ಹೊಸ ಕಟ್ಟಡದ ಸವಕಳಿಯನ್ನ, ಅಂದ್ರೆ ಕಟ್ಟಡ ಹಳೇದಾಗ್ತಾ ಹೋದಂತೆ ತೆರಿಗೆ ಲೆಕ್ಕದಲ್ಲಿ ಆದಾಯದಿಂದ ಕಳೆಯೋ ಮೊತ್ತವನ್ನ, ಮೊದಲ ವರ್ಷಗಳಲ್ಲೇ ಜಾಸ್ತಿ ತೋರಿಸೋಕೆ ಬಿಡ್ತು, ಹೀಗಾಗಿ ಹಳೇದನ್ನ ಇಟ್ಕೊಳ್ಳೋದಕ್ಕಿಂತ ಹೊಸದು ಕಟ್ಟೋದೇ ಲಾಭ ಅನ್ನಿಸೋಕೆ ಶುರುವಾಯ್ತು. ಇಲ್ಲಿ ಒಬ್ಬರ ಮೇಲೆ ಬೆರಳು ತೋರಿಸೋಕೆ ಆಗಲ್ಲ, ಎಲ್ಲರ ಲೆಕ್ಕವೂ ಅವರವರಿಗೆ ಸರಿನೇ. ಕಳೆದುಹೋಗಿದ್ದು ಮಾತ್ರ ನಿಜವಾದ ವಸ್ತುಗಳು. ಪಬ್ಲಿಕ್ಸ್ ಅಂಗಡಿಗಳ ಮುಂದೆ ಪಾಟಿ ಮಿಲ್ಸ್ ಅನ್ನೋ ಕಲಾವಿದೆ ಟೈಲ್ ಚೂರು ಜೋಡಿಸಿ ಮಾಡಿದ್ದ ದೊಡ್ಡ ಭಿತ್ತಿಚಿತ್ರಗಳಿದ್ವಲ್ಲ, ಅವುಗಳಲ್ಲಿ ಬಹಳಷ್ಟು ಗೋಡೆ ಕೆಡವಿದಾಗ ಅದ್ರ ಜೊತೆಗೇ ಹೋದ್ವು.

ಖಾಲಿಯಾದ ಕಟ್ಟಡದ ಪಾಡು ಇನ್ನೊಂದು. ಬಿಟ್ಟುಹೋಗುವ ಕಂಪನಿ ಕೆಲವು ಸಲ ಇಲ್ಲಿ ಮತ್ತೆ ದಿನಸಿ ಅಂಗಡಿ ಇಡಬಾರದು ಅಂತ ಕರಾರು ಬರೆಸಿ ಹೋಗತ್ತೆ, ಎಷ್ಟೋ ಕಡೆ ಕಾನೂನು ಪ್ರಕಾರ ಸರಿನೇ ಇದ್ರೂ ಕೋಲ್ಡ್ ಸ್ಟೋರೇಜ್, ಲೋಡಿಂಗ್ ಜಾಗ ಎಲ್ಲಾ ತಯಾರಿರೋ ಕಟ್ಟಡ ಅದೇ ಕೆಲಸಕ್ಕೆ ಬರಬಾರದು ಅಂದ್ರೆ ಸುತ್ತಮುತ್ತ ನಡ್ಕೊಂಡು ಬರೋ ಜನ ಎಲ್ಲಿಗೆ ಹೋಗ್ಬೇಕು?

ಉಳಿಸೋಣ ಅಂದ್ರೆ ವಯಸ್ಸಿನ ತೊಡಕು. ಅಮೆರಿಕದ ಐತಿಹಾಸಿಕ ಕಟ್ಟಡಗಳ ರಾಷ್ಟ್ರೀಯ ಪಟ್ಟಿಗೆ ಸೇರ್ಬೇಕಂದ್ರೆ ಸಾಮಾನ್ಯವಾಗಿ 50 ವರ್ಷ ಆಗಿರ್ಬೇಕು, ಬ್ರಿಟನ್ನಲ್ಲಿ 30. ಲಂಡನ್ನಿನ ಕ್ಯಾಮ್ಡೆನ್‌ನಲ್ಲಿ ಆರ್ಕಿಟೆಕ್ಟ್ ನಿಕೋಲಸ್ ಗ್ರಿಮ್‌ಶಾ ಡಿಸೈನ್ ಮಾಡಿದ ಸೇನ್ಸ್‌ಬರಿ ಸೂಪರ್‌ಮಾರ್ಕೆಟ್ 1988ರದ್ದು, 2019ರಲ್ಲಿ ಸಂರಕ್ಷಿತ ಕಟ್ಟಡ ಆಯ್ತು. ಅದೇ ಲಂಡನ್ನಿನ ಗ್ರೀನಿಚ್‌ನಲ್ಲಿ 1999ರಲ್ಲಿ ಪಕ್ಕದ ಗೋಡೆಗಳಿಗೆ ಮಣ್ಣು ಒಟ್ಟಿ, ಚಾವಣಿಯಿಂದ ಹಗಲ ಬೆಳಕು ಬರೋ ಹಾಗೆ ಮಾಡಿ ಕರೆಂಟ್ ಉಳಿಸೋಕೆ ಅಂತಲೇ ಕಟ್ಟಿದ ಸೇನ್ಸ್‌ಬರಿ ಇತ್ತು, ಮರುವರ್ಷ ಒಳ್ಳೇ ಕಟ್ಟಡಕ್ಕೆ ಬ್ರಿಟನ್ನಲ್ಲಿ ಕೊಡೋ ಸ್ಟರ್ಲಿಂಗ್ ಪ್ರಶಸ್ತಿಯ ಕೊನೆ ಸುತ್ತಿಗೂ ಹೋಗಿತ್ತು. ಇಪ್ಪತ್ತು ವರ್ಷ ತುಂಬೋ ಮೊದಲೇ ಅದನ್ನ ಕೆಡವಿದ್ರು, ಆ ಜಾಗದಲ್ಲಿ 2019ರಲ್ಲಿ ಐಕಿಯಾ ಬಂತು.

ಸ್ಯಾನ್ ಫ್ರಾನ್ಸಿಸ್ಕೋದ ಆ ಮರೀನಾ ಅಂಗಡಿಗೆ ಐವತ್ತು ತುಂಬಿದ್ದು 2009ರಲ್ಲಿ. ಈಗ ಅದೇ ಜಾಗದಲ್ಲಿ ಬಹುಮಹಡಿ ಅಪಾರ್ಟ್‌ಮೆಂಟ್ ಕಟ್ಟೋ ಪ್ರಸ್ತಾವ ಬಂದಿದೆ. ಆ ಊರಿಗೆ ಮನೆ ಬೇಕು ಅನ್ನೋದು ನಿಜ, ಆದ್ರೆ ಆ ಕಮಾನನ್ನ ಒಳಗಿಟ್ಕೊಂಡೇ ಕಟ್ಟೋಕಾಗತ್ತಾ ಅಂತ ಕೆಡವೋ ಮೊದಲು ಒಮ್ಮೆಯಾದ್ರೂ ಕೂತು ಲೆಕ್ಕ ಹಾಕ್ಲಿ.