ಕುಗ್ಗಿದ ಕುದುರೆ

ಪ್ರತಿಮೆಯ ಕುದುರೆ ಎರಡೂ ಮುಂಗಾಲು ಎತ್ತಿದ್ದರೆ ಸವಾರ ಯುದ್ಧದಲ್ಲೇ ಸತ್ತ, ಒಂದೇ ಕಾಲು ಎತ್ತಿದ್ದರೆ ಆಮೇಲೆ ಗಾಯದಿಂದ ಸತ್ತ, ನಾಲ್ಕೂ ನೆಲದ ಮೇಲಿದ್ದರೆ ಸುಮ್ನೆ ಮನೆಯಲ್ಲಿ ಸತ್ತ. ವಾಟ್ಸಾಪಿನಲ್ಲಿ ಈ ಸಂದೇಶ ನಿಮಗೂ ಬಂದಿರುತ್ತದೆ. ದಯವಿಟ್ಟು ಇನ್ನೊಬ್ಬರಿಗೆ ಕಳಿಸಬೇಡಿ. ಪ್ಯಾರಿಸ್‌ನ ಪ್ಲಾಸ್ ದೆ ವಿಕ್ತುವಾರ್ ಚೌಕದಲ್ಲಿ ಹದಿನಾಲ್ಕನೇ ಲೂಯಿಯ ಕಂಚಿನ ಕುದುರೆ ಹಿಂಗಾಲ ಮೇಲೆ ಎದ್ದು ನಿಂತಿದೆ. ಆ ದೊರೆ ಸತ್ತದ್ದು 1715ರಲ್ಲಿ, ವರ್ಸಾಯ್ ಅರಮನೆಯಲ್ಲಿ, ಕಾಲು ಕೊಳೆತು. 1822ರಲ್ಲಿ ಈ ಪ್ರತಿಮೆ ಮಾಡಿದ ಬೋಸಿಯೊನ ಚಿಂತೆಯೇ ಬೇರೆ. ಅಷ್ಟು ಭಾರದ ಲೋಹ ಮುಗ್ಗರಿಸದೆ ನಿಲ್ಲಬೇಕಲ್ಲ! ಅದಕ್ಕೇ ಕುದುರೆಯ ಬಾಲವನ್ನೂ ಕೆಳಗೆ ಊರಿಸಿ ಮೂರನೇ ಕಾಲು ಮಾಡಿದ.

ಆದರೂ ಕಂಚಿನ ಕುದುರೆಯ ಕಾಲು ಒಂದು ಸುದ್ದಿಯನ್ನು ಹೇಳುತ್ತದೆ. ಅದನ್ನು ಕೇಳಬೇಕಾದರೆ ಅಳತೆಗೋಲು ಬೇಕು.

19ನೇ ಶತಮಾನದ ಫ್ರಾನ್ಸಿನಲ್ಲಿ ಮೇಜಿನ ಮೇಲೆ ಇಡುವಂಥ ಕಂಚಿನ ಕುದುರೆಗಳಿಗೆ ಭಾರೀ ಬೇಡಿಕೆ ಇತ್ತು. ಬಾರಿ, ಮೆನ್, ಫ್ರೆಮಿಯೆ ಎಂಬ ಶಿಲ್ಪಿಗಳು ಈ ಕೆಲಸದಲ್ಲಿ ಹೆಸರಾದವರು. ಪಿಯರ್ ಜೂಲ್ ಮೆನ್ 1852ರಲ್ಲಿ ಮೇಣದಲ್ಲಿ ಮಾಡಿ ತೋರಿಸಿದ ಎರಡು ಅರಬ್ಬಿ ಕುದುರೆಗಳ ಜೋಡಿ, ಒಂದರ ಕುತ್ತಿಗೆಗೆ ಇನ್ನೊಂದು ಮೂತಿ ತಾಗಿಸಿ ನಿಂತದ್ದು, ಇವತ್ತಿಗೂ ಸಂಗ್ರಾಹಕರ ಅಚ್ಚುಮೆಚ್ಚು. ಹಾಗಾಗಿ ನಕಲೂ ಜಾಸ್ತಿ.

ಹೊಸಬರು ಮೊದಲು ನೋಡುವುದು ಬಣ್ಣ. ಕಪ್ಪಾಗಿದೆ, ಸಂದಿಯಲ್ಲಿ ಹಸಿರು ಕಿಲುಬಿದೆ, ಹಳೆಯದೇ ಇರಬೇಕು ಅಂತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಬಣ್ಣ ಕಾಲ ಬಳಿದದ್ದಲ್ಲ. ಕಂಚನ್ನು ಕಾಯಿಸಿ, ರಾಸಾಯನಿಕ ಸವರಿ, ಕಾರ್ಖಾನೆಯಲ್ಲೇ ಬರಿಸಿದ್ದು. ಅವೇ ರಾಸಾಯನಿಕಗಳು ಇವತ್ತೂ ಸಿಗುತ್ತವೆ. ಒಂದೇ ಸಂಜೆಯಲ್ಲಿ ನೂರು ವರ್ಷದ ಬಣ್ಣ ಬರಿಸಬಹುದು.

ಆದರೆ ಉದ್ದವನ್ನು ಹಾಗೆ ಬರಿಸಲಾಗದು. ನನಗೆ ಬಹಳ ಇಷ್ಟವಾಗುವ ವಿಷಯ ಇದೇ.

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುವುದನ್ನು ನೋಡಿದ್ದೀರಾ? ಪಟ್ಟಿಯ ಸುತ್ತಳತೆ ಮರದ ಚಕ್ರಕ್ಕಿಂತ ಸ್ವಲ್ಪ ಕಡಿಮೆ. ಕೆಂಪಗೆ ಕಾಯಿಸಿದಾಗ ಹಿಗ್ಗಿ ಚಕ್ರದ ಮೇಲೆ ಕೂರುತ್ತದೆ. ನೀರು ಹಾಕಿದ ಕೂಡಲೇ ಕುಗ್ಗಿ ಮರವನ್ನು ಬಿಗಿಯಾಗಿ ಹಿಡಿಯುತ್ತದೆ. ಕಂಚೂ ಹೀಗೆಯೇ. ಬಿಸಿಯಲ್ಲಿ ಅಣುಗಳು ಕುಣಿಯುತ್ತಿರುತ್ತವೆ, ಕುಣಿಯುವವರಿಗೆ ಜಾಗ ಜಾಸ್ತಿ ಬೇಕು. ತಣ್ಣಗಾದಾಗ ಚಳಿಗೆ ಒತ್ತಿಕೊಂಡು ಮಲಗುವ ಮಕ್ಕಳ ಹಾಗೆ ಹತ್ತಿರ ಸರಿಯುತ್ತವೆ. ಒಂದು ಡಿಗ್ರಿ ತಣಿದರೆ ಒಂದು ಮೀಟರ್ ಕಂಚು ಮಿಲಿಮೀಟರಿನ ಸಾವಿರದಲ್ಲಿ ಸುಮಾರು 18 ಪಾಲು ಕುಗ್ಗುತ್ತದೆ. ಇದು ಏನೂ ಅಲ್ಲ ಅನಿಸುತ್ತೆ, ಅಲ್ವಾ? ಆದರೆ ಅಚ್ಚಿನೊಳಗೆ ಗಟ್ಟಿಯಾದ ಕಂಚು ಸುಮಾರು 900 ಡಿಗ್ರಿಯಷ್ಟು ತಣಿಯಬೇಕು. ಲೆಕ್ಕ ಹಾಕಿ: ಮೀಟರಿಗೆ 16 ಮಿಲಿಮೀಟರ್. 30 ಸೆಂಟಿಮೀಟರಿನ ಕುದುರೆಯಲ್ಲಿ ಹತ್ತಿರಹತ್ತಿರ 5 ಮಿಲಿಮೀಟರ್, ಅಂದರೆ ಒಂದು ಅಕ್ಕಿಕಾಳಿನ ಉದ್ದ.

ಫ್ರೆಂಚ್ ಎರಕದವರು ಒಂದು ಮೂಲ ಮಾದರಿಯನ್ನು ಜೋಪಾನವಾಗಿ ಇಟ್ಟುಕೊಂಡು, ಅದನ್ನು ಮರಳಿಗೆ ಒತ್ತಿ ಅಚ್ಚು ತೆಗೆಯುತ್ತಿದ್ದರು. ಮಾರಾಟಕ್ಕೆ ಬಂದ ಪ್ರತಿ ಕುದುರೆಯೂ ಆ ಮಾದರಿಗಿಂತ ಒಂದು ಸಲ ಕುಗ್ಗಿದ್ದು. ನಕಲು ಮಾಡುವವನ ಬಳಿ ಮಾದರಿ ಇರುವುದಿಲ್ಲ. ಅವನು ಮಾರಾಟವಾದ ಕುದುರೆಯಿಂದಲೇ ಅಚ್ಚು ತೆಗೆಯುತ್ತಾನೆ. ಅವನ ಕುದುರೆ ಎರಡು ಸಲ ಕುಗ್ಗುತ್ತದೆ. ಆ ನಕಲಿನಿಂದ ಮತ್ತೊಂದು ತೆಗೆದರೆ ಮೂರು ಸಲ. ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ, ಒಂದೊಂದು ಸಲವೂ ಏನೋ ಒಂದಷ್ಟು ಹೋಗಿಬಿಡುತ್ತದೆ.

ಇಲ್ಲೊಂದು ಎಚ್ಚರ ಬೇಕು. ಅಳತೆ ಹೇಳುವುದು ವಂಶವನ್ನು, ವಯಸ್ಸನ್ನಲ್ಲ. ಆಂತ್ವಾನ್ ಲೂಯಿ ಬಾರಿ 1848ರ ಹೊತ್ತಿಗೆ ಸಾಲದಲ್ಲಿ ಮುಳುಗಿ ತನ್ನ ಮಾದರಿಗಳನ್ನೇ ಸಾಲ ಕೊಟ್ಟವರ ಕೈಗೆ ಒಪ್ಪಿಸಬೇಕಾಯಿತು. ತನ್ನದೇ ಕುದುರೆಗಳನ್ನು ಇನ್ನೊಬ್ಬರು ಎರಕ ಹೊಯ್ದು ಮಾರುವುದನ್ನು ಅವನು ವರ್ಷಗಟ್ಟಲೆ ನೋಡಿದ. ಅವನು ತೀರಿಕೊಂಡ ಮೇಲೆ, 1876ರ ಹರಾಜಿನಲ್ಲಿ, ಬಾರ್ಬೆಡಿಯೆನ್ ಎಂಬ ದೊಡ್ಡ ಎರಕದವನು ಅಂಥ ಎಷ್ಟೋ ಮಾದರಿ ಕೊಂಡ. ಅವುಗಳಿಂದ ಹೊಯ್ದ ಕುದುರೆಗಳ ಅಳತೆ ಸರಿಯಾಗಿಯೇ ಇರುತ್ತದೆ. ಇದೇ ಬಾರ್ಬೆಡಿಯೆನ್‌ನ ಪಾಲುದಾರ ಕೊಲಾಸ್, ಶಿಲ್ಪವನ್ನು ಬೇಕಾದ ಗಾತ್ರಕ್ಕೆ ಇಳಿಸುವ ಯಂತ್ರವನ್ನೂ ಮಾಡಿದ್ದ. ಆದ್ದರಿಂದ ಒಂದು ಕುದುರೆ ಅರ್ಧದಷ್ಟಿದ್ದರೆ ಗಾಬರಿ ಬೇಡ. ಅಕ್ಕಿಕಾಳಿನಷ್ಟು ಮಾತ್ರ ಚಿಕ್ಕದಿದ್ದರೆ ಅನುಮಾನಪಡಿ.

ಅಳೆಯುವಾಗ ಕಿವಿ, ಬಾಲ ಬೇಡ, ಅವು ಬಾಗಿರುತ್ತವೆ. ಅಮೃತಶಿಲೆಯ ಪೀಠ ಬೇಡವೇ ಬೇಡ, ಅದನ್ನು ಯಾರು ಬೇಕಾದರೂ ಬದಲಿಸಿರಬಹುದು. ಹಿಂಗಾಲಿನ ಮಂಡಿಯಿಂದ ಗೊರಸಿನವರೆಗೆ ಕ್ಯಾಲಿಪರ್ ಹಿಡಿಯಿರಿ. ಮ್ಯೂಸಿಯಂನಲ್ಲಿರುವ ಅದೇ ಕುದುರೆಯ ಅಳತೆಯ ಪಕ್ಕ ಬರೆದುಕೊಳ್ಳಿ. ಆಮೇಲೆ ತಲೆಕೆಳಗು ಮಾಡಿ, ತಳದಲ್ಲಿ ಕಾಣದ ಕಡೆ ಸೂಜಿಯಿಂದ ಚೂರು ಗೀರಿ. ಹೊಂಬಣ್ಣ ಮಿಂಚಿದರೆ ಕಂಚು, ಬೂದುಬಿಳಿ ಕಂಡರೆ ಸತು. ಕೊನೆಗೆ ಶಿಲ್ಪಿಯ ಹೆಸರಿನ ಮೇಲೆ ಉಗುರು ಆಡಿಸಿ. ಒಳ್ಳೆಯ ಎರಕದಲ್ಲಿ ಅಕ್ಷರದ ಅಂಚಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ನಕಲಿನಲ್ಲಿ ಜಾರಿಹೋಗುತ್ತದೆ.