ಅಳಿವೆಯ ಕೆಂಪು ನೀರಿನಲ್ಲಿ ಸೀಸ ಏಕೆ ಕಾಣಲಿಲ್ಲ?

ಪ್ರಶ್ನೆ: ಮಳೆಗಾಲದಲ್ಲಿ ಮಂಗಳೂರಿನ ಅಳಿವೆಬಾಗಿಲಿನಿಂದ (ನದಿ ಸಮುದ್ರ ಸೇರುವಲ್ಲಿಂದ) ನೀರು ತಂದು ಪರೀಕ್ಷೆ ಮಾಡಿಸಿದೆವು. ನೀರು ಅಷ್ಟು ಕದಡಿದ್ದರೂ ವರದಿಯಲ್ಲಿ ಸೀಸ ತೀರಾ ಕಡಿಮೆ. ನಂಬಬಹುದೇ?

ಉತ್ತರ: ಅಂಕಿ ಸರಿಯೇ ಇರಬಹುದು. ಅದು ಯಾವ ನೀರಿನದು ಎಂದು ಮೊದಲು ವಿಚಾರಿಸಿ. 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಅಳೆದಿದ್ದರೆ ಕೆಸರು ಫಿಲ್ಟರಿನ ಮೇಲೆಯೇ ಉಳಿದಿದೆ, ಸೀಸದ ಬಹುಪಾಲೂ ಅದರೊಂದಿಗೇ.

ನೇತ್ರಾವತಿ, ಗುರುಪುರ ನದಿಗಳು ಹೊತ್ತು ತರುವ ಮುರಕಲ್ಲು ಮಣ್ಣು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದ. ಸೀಸ ಇದಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕರಾವಳಿ ನೀರಿನಲ್ಲಿ, ಒಂದು ಲೀಟರಿನಲ್ಲಿ ಕರಗಿರುವ ಸೀಸದ ಸುಮಾರು 1,00,000 ಪಟ್ಟು ಸೀಸ ಒಂದು ಕಿಲೋ ಕಣದಲ್ಲಿರುತ್ತದೆ ಎಂದು ಲೆಕ್ಕ ಹಿಡಿಯೋಣ. ಲೀಟರಿಗೆ 10 ಮಿಲಿಗ್ರಾಂ ಕಣವಿದ್ದರೆ ಸೀಸ ಅರ್ಧ ನೀರಲ್ಲಿ, ಅರ್ಧ ಕಣದಲ್ಲಿ. ಕಣ 100 ಮಿಲಿಗ್ರಾಂ ಆದರೆ ಹನ್ನೊಂದರಲ್ಲಿ ಹತ್ತು ಪಾಲು ಕಣದಲ್ಲಿ.

ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹ ಹಾಗಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್ (ಉಪ್ಪಿನ ಒಂದು ಅಂಶ) ಇರುತ್ತದೆ. ಅದು ಕ್ಯಾಡ್ಮಿಯಮನ್ನು ಕಣದಿಂದ ಬಿಡಿಸಿ ನೀರಿಗೆ ಸೆಳೆಯುತ್ತದೆ. ಹಾಗಾಗಿ ನದಿಯ ಮೇಲ್ಹರಿವಿನ ಸಿಹಿನೀರಿಗಿಂತ ಉಪ್ಪು ಬೆರೆತಲ್ಲಿ ಕರಗಿದ ಕ್ಯಾಡ್ಮಿಯಂ ಹೆಚ್ಚು ಸಿಕ್ಕರೆ, ಅಲ್ಲೇ ಯಾರೋ ಸುರಿದಿದ್ದಾರೆ ಎನ್ನಲಾಗದು. ಉಬ್ಬರವೋ ಇಳಿತವೋ, ಲವಣಾಂಶ ಎಷ್ಟು ಎಂದು ಬರೆದಿಡದ ಮಾದರಿಯಿಂದ ಏನೂ ಹೇಳಲಾಗುವುದಿಲ್ಲ.

ಮುಂದಿನ ಸಲ ಬಾಟಲಿಯನ್ನು 10% ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಶುದ್ಧ ನೀರಿನಲ್ಲಿ ತೊಳೆದುಕೊಳ್ಳಿ. ತಂದ ನೀರನ್ನು ಅಂದೇ ಸೋಸಬೇಕು. ಸೋಸಿದ ಮೇಲಷ್ಟೇ ಲೀಟರಿಗೆ 2 ಮಿಲಿಲೀಟರ್ ಅತಿಶುದ್ಧ, ಸಾಂದ್ರ ನೈಟ್ರಿಕ್ ಆಮ್ಲ ಹಾಕಿ. ಹೆಚ್ಚಿನವರು ಎಡವುವುದು ಇಲ್ಲೇ: ಮೊದಲೇ ಆಮ್ಲ ಬಿದ್ದರೆ ಕಣದ ಲೋಹ ಕರಗಿ, ಸುಳ್ಳು ಅಂಕಿ ಬರುತ್ತದೆ. ಕೆಸರು ನೀರಿಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ರಂಧ್ರ ಕಿರಿದಾಗಿ ಸಣ್ಣ ಕಣವೂ ನಿಂತುಬಿಡುತ್ತದೆ. ಹನಿ ನಿಧಾನವಾದೊಡನೆ ಹೊಸದು ಹಾಕಿ. ಮೊದಲೇ ತೂಗಿಟ್ಟ ಫಿಲ್ಟರನ್ನು ಒಣಗಿಸಿ, ಮತ್ತೆ ತೂಗಿ, ಅದರ ಮೇಲಿನ ಕೆಸರಿನ ಲೋಹವನ್ನೂ ಅಳೆಸಿ. ಜೊತೆಗೆ ಒಂದು ಬಾಟಲಿ ಶುದ್ಧ ನೀರೂ ಇದೇ ದಾರಿಯಲ್ಲಿ ಹೋಗಿ ಬರಲಿ. ಅದರಲ್ಲಿ ಸೀಸ ಕಂಡರೆ ದೋಷ ನಿಮ್ಮ ಕೈಯಲ್ಲೋ ಸಾಮಾನಿನಲ್ಲೋ ಇದೆ.

ಮರುವಾಯಿ (ಅಳಿವೆಯ ಚಿಪ್ಪುಜೀವಿ) ತಿನ್ನುವವರು ಸೋಸಿದ ನೀರಿನ ಅಂಕಿ ನೋಡಿ ನಿಶ್ಚಿಂತರಾಗಬಾರದು. ಅದು ಕಣವನ್ನೇ ಸೋಸಿ ತಿನ್ನುವ ಜೀವಿ. ರಾತ್ರಿ ಉಪ್ಪುನೀರಿನಲ್ಲಿಟ್ಟರೆ ಹೊಟ್ಟೆಯ ಮರಳು ಹೋದೀತು, ಮಾಂಸದಲ್ಲಿ ಸೇರಿದ ಲೋಹ ಹೋಗದು. ಅದಕ್ಕೆ ಮಾಂಸವನ್ನೇ ಪರೀಕ್ಷೆಗೆ ಕೊಡಬೇಕು.